ಪುತ್ತೂರಿನ ಮಾಯ್ ದೆ ದೇವುಸ್ ಇಗರ್ಜಿ

ದರ್ಬೆಯ ಸಂತ ಫಿಲೋಮಿನಾ ಕಾಲೇಜನ್ನು ಅರಿಯದವರು ಪುತ್ತೂರು ಸೀಮೆಯಲ್ಲಿ ವಿರಳ. 1958ರಲ್ಲಿ ಅದನ್ನು ಸ್ಥಾಪಿಸಿದ ಮೊನ್ಸಿಂಜೊರ್ ಆಂಟನಿ ಪತ್ರಾವೊ ಅವರ ಕರ್ಮಭೂಮಿಯಾದ ಮಾಯ್ ದೆ ದೇವುಸ್ ಇಗರ್ಜಿಯಾದರೋ, ಕಾಲೇಜಿಗಿಂತ ಶತಮಾನಕ್ಕೂ ಮೊದಲೇ, 1830ರಲ್ಲಿ, ಈ ಕೆಂಪು ನೆಲದಲ್ಲಿ ನೆಲೆಗೊಂಡಿತ್ತು.

ಹೆಸರು ಪೋರ್ಚುಗೀಸರದು, ‘ದೇವಮಾತೆ’ ಎಂಬುದು ಅದರ ಅರ್ಥ. ಆದರೆ ಕನ್ಯಾಮರಿಯಳನ್ನು ‘ಸಾಯ್ಬಿಣ್ ಮಾಯ್’ ಎಂದು ಕರೆಯುವ ಕೊಂಕಣಿಗರ ಕಿವಿಗೆ ಈ ‘ಮಾಯ್’ ಎಂದಾದರೂ ಪರಕೀಯವೆನಿಸಿರಲಾರದು. ಲತೀನಿನ ‘ದೇವುಸ್’ ಸಹ ನಮ್ಮ ‘ದೇವ’ ಶಬ್ದದ ದೂರದ ಜ್ಞಾತಿಯೇ. ಸಮುದ್ರವನ್ನು ದಾಟಿ ಅತಿಥಿಯಾಗಿ ಬಂದ ಹೆಸರು, ಇಲ್ಲಿ ತನ್ನ ಬಂಧುಗಳನ್ನೇ ಕಂಡಿತೆನ್ನಬೇಕು.

ಆ 1830ನೆಯ ಇಸವಿಯನ್ನು ಅದರ ಹಿಂದಿನ ದುಃಖದೊಡನೆ ಓದಬೇಕು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸಹಸ್ರಾರು ಸಂಖ್ಯೆಯಲ್ಲಿ ಬಂಧಿತರಾಗಿ ಘಟ್ಟವನ್ನೇರಿ ಶ್ರೀರಂಗಪಟ್ಟಣಕ್ಕೆ ನಡೆದರು. ಅವರ ಬಹುತೇಕ ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಬಿಡುಗಡೆಹೊಂದಿ, ಅಳಿದುಳಿದವರು ಮರಳಿ ಬಂದು, ಗದ್ದೆ ತೋಟಗಳನ್ನು ಪುನಃ ಕೈಗೆತ್ತಿಕೊಂಡ ಸುಮಾರು ಮೂರು ದಶಕಗಳಲ್ಲಿ, ಘಟ್ಟದ ತಪ್ಪಲಿನ ಈ ಊರಿನಲ್ಲಿಯೂ ಒಂದು ‘ಫಿರ್ಗಜ್’, ಅಂದರೆ ಧರ್ಮಕೇಂದ್ರ, ರೂಪುಗೊಂಡಿತೆಂಬುದು ನನಗೆ ಯಾವ ಗೋಪುರಕ್ಕಿಂತಲೂ ಉನ್ನತವಾಗಿ ತೋರುತ್ತದೆ.

ಈ ಜಿಲ್ಲೆಯ ಹಳೆಯ ಇಗರ್ಜಿಗಳ ವಾಸ್ತುವನ್ನು ನಿರ್ಣಯಿಸಿದ್ದು ಮುರಕಲ್ಲು ಮತ್ತು ಮಳೆ. ಗಣಿಯಿಂದ ಕಡಿಯುವಾಗ ಮೃದುವಾಗಿದ್ದು ಗಾಳಿ ಬಿಸಿಲುಗಳಲ್ಲಿ ಗಟ್ಟಿಗೊಳ್ಳುವ ಮುರಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಮಹಾದ್ವಾರದಿಂದ ‘ಆಲ್ತಾರ್’ ಎಂಬ ಬಲಿಪೀಠದವರೆಗೆ ನೀಳವಾದ ಒಂದೇ ಅಂಕಣ, ಮೇಲೆ ಕಡಿದಾಗಿ ಇಳಿಯುವ ಮಾಡು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಪ್ರೊಟೆಸ್ಟಂಟರು ಸುಟ್ಟ ಹಂಚು ಕಥೋಲಿಕರ ಇಗರ್ಜಿಗಳಿಗೂ ಹೊದಿಕೆಯಾಯಿತು.

ಹಂಚಿನ ಮಾತು ಬಂದಾಗ, ದರ್ಬೆಯ ಕಾಲೇಜಿಗೆ ಹೆಸರಿತ್ತ ಸಂತ ಫಿಲೋಮಿನಾಳನ್ನು ನೆನೆಯದಿರಲಾರೆ. 1802ರಲ್ಲಿ ರೋಮಿನ ಪ್ರಿಸಿಲ್ಲಾ ಭೂಗರ್ಭ ಸ್ಮಶಾನದಲ್ಲಿ ಆಕೆಯದೆಂದು ನಂಬಲಾದ ಸಮಾಧಿಯನ್ನು ಮುಚ್ಚಿದ್ದುದು ಮೂರು ಸುಟ್ಟ ಮಣ್ಣಿನ ಬಿಲ್ಲೆಗಳು. ಕ್ರಮ ತಪ್ಪಿದ್ದ ಅವುಗಳನ್ನು ಸರಿಯಾಗಿ ಜೋಡಿಸಿದಾಗಲೇ ಆ ಹೆಸರು ಓದಿಗೆ ದಕ್ಕಿತು. ಆಕೆಯ ಹೆಸರಿನ ಶಾಲೆ ಕಾಲೇಜುಗಳು ಹಂಚಿನ ನಾಡಿನಲ್ಲಿ ಬೆಳೆದುದು ನನಗೆ ಪ್ರಿಯವಾದ ಸಂಗತಿ.

ಇಗರ್ಜಿಯನ್ನು ನೋಡಬಯಸುವವರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಕನ್ಯಾಮರಿಯಳ ಜನ್ಮದಿನಕ್ಕೆ, ಬರಬೇಕು. ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆಯಾದ ನೊವೆನಾದ ದಿನಗಳಲ್ಲಿ ಹೂವನ್ನು ತಂದು ಮಾತೆಗೆ ಅರ್ಪಿಸಿದ ಮಕ್ಕಳು ಅಂದು ಕಬ್ಬನ್ನು ಹಿಡಿದು ಮನೆಗೆ ಓಡುತ್ತಾರೆ. ಹಿರಿಯರ ಕೈಯಲ್ಲಿ ಮಂತ್ರಿಸಿದ ಹೊಸ ಭತ್ತದ ತೆನೆಯಿರುತ್ತದೆ, ಮನೆಯಲ್ಲಿ ಅದರ ಕಾಳಿಗಾಗಿ ಹಾಲು ಕಾದಿರುತ್ತದೆ.