ಈ ಪಾಠ ನನಗೇಕೆ?

‘ಇದನ್ನೆಲ್ಲ ಕಲಿತು ಏನಾಗಬೇಕು?’ ಎಂದು ಕೇಳುವ ಮಕ್ಕಳಿಗೆ ನಾವು ಉಪದೇಶ ಮಾಡುತ್ತೇವೆ. ಆದರೆ ಉತ್ತರ ಅವರೇ ಬರೆದರೆ ನಾಟುತ್ತದೆ. ಅಮೆರಿಕದ ಹೈಸ್ಕೂಲು ವಿಜ್ಞಾನ ತರಗತಿಗಳಲ್ಲಿ ಹಲ್ಲಮನ್, ಹರಾಕೀವಿಚ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ವರದಿ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಕೆಲವರು ಪಾಠದ ಸಾರಾಂಶ ಬರೆದರು, ಉಳಿದವರು ಆ ಪಾಠಕ್ಕೂ ತಮ್ಮ ಬದುಕಿಗೂ ಇರುವ ನಂಟನ್ನು ಬರೆದರು. ನಂಟು ಬರೆದವರಲ್ಲಿ ಆಸಕ್ತಿಯೂ ಅಂಕವೂ ಏರಿದ್ದು ‘ನನ್ನ ಕೈಲಾಗದು’ ಎಂದುಕೊಂಡಿದ್ದ ಮಕ್ಕಳದ್ದು.

ಸಿಲೆಬಸ್ ಮುಗಿಸಲೇ ಸಮಯವಿಲ್ಲ ಎನ್ನುವ ಮೇಷ್ಟ್ರ ಸಂಕಟ ನಿಜ. ಆದರೆ ಈ ಬರವಣಿಗೆಗೆ ಬೇಕಾದ್ದು ಕೆಲವು ವಾರಗಳಿಗೊಮ್ಮೆ ಒಂದು ಪುಟ, ಅಷ್ಟೇ. ರಕ್ತಪರಿಚಲನೆ ಓದಿದ ಹುಡುಗಿ ಅಜ್ಜಿಯ ಬಿಪಿ ಮಾತ್ರೆಯ ಬಗ್ಗೆ ಬರೆಯಲಿ. ಎಲ್ಲದರಲ್ಲೂ ಉಪಯೋಗ ಹುಡುಕಿದರೆ ಕಲಿಕೆಯ ಖುಷಿ ಹೋಗದೇ ಎಂದು ಕೆಲವರು ಕೇಳಬಹುದು. ಖುಷಿಯಿಂದ ಓದುವ ಮಗುವನ್ನು ಅದರ ಪಾಡಿಗೆ ಬಿಡೋಣ. ಈ ಪುಟವನ್ನು ಮೊದಲು ಕೊಡಬೇಕಾದ್ದು ಕೈಚೆಲ್ಲಿ ಕೂತ ಮಗುವಿಗೆ.