ವಾಷಿಂಗ್ ಮಷಿನ್: ವೇಗ ಹೆಚ್ಚಿದರೆ ಇಸ್ತ್ರಿಯ ಕೆಲಸವೂ ಹೆಚ್ಚು

ಮಳೆಗಾಲ ಕಾಲಿಟ್ಟೊಡನೆ ನಗರದ ಮನೆಗಳಲ್ಲಿ ಬಟ್ಟೆ ಒಣಗಿಸುವುದೇ ದೊಡ್ಡ ಚಿಂತೆಯಾಗುತ್ತದೆ. ಇಕ್ಕಟ್ಟಾದ ಬಾಲ್ಕನಿಯಲ್ಲಿ, ಇಲ್ಲವೇ ನಡುಮನೆಯ ಫ್ಯಾನಿನ ಕೆಳಗೆ ಎರಡು ದಿನ ತೂಗುಹಾಕಿದರೂ ಜೀನ್ಸ್ ಪ್ಯಾಂಟಿನ ಸೊಂಟಪಟ್ಟಿ ಹಸಿಯಾಗಿಯೇ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಮಕ್ಕಳಿಗೆ ಅದೇ ಸಮವಸ್ತ್ರ ಬೇಕು. ಹೀಗಾಗಿ ಹೊಸ ವಾಷಿಂಗ್ ಮಷಿನ್ ಕೊಳ್ಳಲು ಹೋದವರ ಕಣ್ಣು ಯಂತ್ರದ ಮೇಲೆ ಬರೆದಿರುವ 700, 1000, 1400 ಎಂಬ ಅಂಕಿಗಳ ಮೇಲೆ ಬೀಳುವುದು ಸಹಜ. ಅಂಕಿ ದೊಡ್ಡದಾದಷ್ಟೂ ಬಟ್ಟೆ ಬೇಗ ಒಣಗುತ್ತದೆ ಎಂಬುದು ಸಾಮಾನ್ಯ ನಂಬಿಕೆ.

ಈ ನಂಬಿಕೆ ಅರ್ಧ ಮಾತ್ರ ನಿಜ. ಒಣಗಿಸುವಾಗ ಉಳಿಸಿದ ಸಮಯವನ್ನು ಇಸ್ತ್ರಿ ಪೆಟ್ಟಿಗೆಯ ಮುಂದೆ ಕಳೆದುಕೊಳ್ಳುವ ಸಂದರ್ಭಗಳೂ ಉಂಟು.

ಅಂಕಿಯ ಒಳಗುಟ್ಟು

ಆರ್‌ಪಿಎಂ ಎಂದರೆ ಯಂತ್ರದ ಡ್ರಮ್ ಒಂದು ನಿಮಿಷದಲ್ಲಿ ಸುತ್ತುವ ಸುತ್ತುಗಳ ಸಂಖ್ಯೆ. ಡ್ರಮ್ ವೇಗವಾಗಿ ತಿರುಗಿದಾಗ ಒದ್ದೆ ಬಟ್ಟೆ ಅದರ ಗೋಡೆಗೆ ಒತ್ತಿಕೊಳ್ಳುತ್ತದೆ. ನೀರು ರಂಧ್ರಗಳ ಮೂಲಕ ಹೊರಗೆ ಚಿಮ್ಮುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿ ಹರಳುಗಳಿಂದ ಕಾಕಂಬಿಯನ್ನು ಬೇರ್ಪಡಿಸುವುದೂ ಇದೇ ತತ್ತ್ವದಿಂದ. ಇದನ್ನು ವಿಜ್ಞಾನದ ಪಠ್ಯಗಳು ಕೇಂದ್ರಾಪಗಾಮಿ ಬಲ ಎಂದು ಕರೆಯುತ್ತವೆ.

ಈ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಸುಮಾರು 50 ಸೆಂ.ಮೀ. ವ್ಯಾಸದ ಡ್ರಮ್ 700 ಆರ್‌ಪಿಎಂನಲ್ಲಿ ತಿರುಗಿದಾಗ ಗೋಡೆಯ ಬಳಿಯ ಬಟ್ಟೆಯ ಮೇಲೆ ಭೂಮಿಯ ಗುರುತ್ವದ ಸುಮಾರು 135 ಪಟ್ಟು ಬಲ ಬೀಳುತ್ತದೆ. 1000ಕ್ಕೆ ಅದು 280 ಪಟ್ಟು, 1400ಕ್ಕೆ ಸುಮಾರು 550 ಪಟ್ಟು.

ಡ್ರಮ್ಮಿನ ಅಗಲವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎರಡು ತೊಟ್ಟಿಗಳ ಸೆಮಿ ಆಟೊಮ್ಯಾಟಿಕ್ ಯಂತ್ರಗಳ ಮೇಲೆ 1300 ಅಥವಾ ಅದಕ್ಕೂ ಹೆಚ್ಚಿನ ಅಂಕಿ ಇರುವುದುಂಟು. ಆದರೆ ಅವುಗಳ ಹಿಂಡುವ ತೊಟ್ಟಿ ಕಿರಿದು. ವ್ಯಾಸ 25 ಸೆಂ.ಮೀ. ಎಂದುಕೊಂಡರೆ 1300 ಆರ್‌ಪಿಎಂನಲ್ಲಿಯೂ ದೊರೆಯುವುದು ಸುಮಾರು 235 ಪಟ್ಟು ಬಲ ಮಾತ್ರ. ಇದು ಮೇಲಿನಿಂದ ಬಟ್ಟೆ ಹಾಕುವ 700 ಆರ್‌ಪಿಎಂನ ಯಂತ್ರಕ್ಕಿಂತ ಹೆಚ್ಚು, ಮುಂಬಾಗಿಲಿನ 1000 ಆರ್‌ಪಿಎಂನ ಯಂತ್ರಕ್ಕಿಂತ ಕಡಿಮೆ. ಆದ್ದರಿಂದ ಬೇರೆ ಬೇರೆ ಬಗೆಯ ಯಂತ್ರಗಳನ್ನು ಅಂಕಿಯೊಂದರಿಂದಲೇ ತೂಗಿ ನೋಡುವುದು ಸರಿಯಲ್ಲ.

ಒಂದು ಲೀಟರಿನ ಲೆಕ್ಕ

ಹಿಂಡಿದ ಬಳಿಕ ಬಟ್ಟೆಯಲ್ಲಿ ಉಳಿಯುವ ನೀರನ್ನು ಒಣಬಟ್ಟೆಯ ತೂಕದ ಶೇಕಡಾವಾರು ಲೆಕ್ಕದಲ್ಲಿ ಹೇಳುವುದು ರೂಢಿ. ಐರೋಪ್ಯ ಒಕ್ಕೂಟದ ಲೇಬಲ್‌ಗಳಲ್ಲಿ ಈ ಪ್ರಮಾಣ ಶೇ 45ಕ್ಕಿಂತ ಕಡಿಮೆಯಿದ್ದರೆ ‘ಎ’ ದರ್ಜೆ, ಶೇ 90 ಅಥವಾ ಅದಕ್ಕೂ ಹೆಚ್ಚಾಗಿದ್ದರೆ ‘ಜಿ’ ದರ್ಜೆ.

ಒಣಗಿದಾಗ ಐದು ಕಿಲೋ ತೂಗುವ ಹತ್ತಿ ಬಟ್ಟೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಶೇ 70ರಷ್ಟು ನೀರು ಉಳಿದರೆ ಅದು ಮೂರೂವರೆ ಲೀಟರ್. ಶೇ 50 ಉಳಿದರೆ ಎರಡೂವರೆ ಲೀಟರ್. ವ್ಯತ್ಯಾಸ ಒಂದು ಲೀಟರ್. ಆ ಒಂದು ಲೀಟರನ್ನು ಆವಿಯಾಗಿಸಲು ಬೇಕಾಗುವ ಶಾಖವು ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮ. ಹಗ್ಗದ ಮೇಲೆ ಒಣಹಾಕಿದರೆ ಬಿಸಿಲು, ಗಾಳಿಗಳು ಇದನ್ನು ಉಚಿತವಾಗಿ ಒದಗಿಸುತ್ತವೆ. ಹೀಟರ್ ಇರುವ ಸಾಮಾನ್ಯ ಡ್ರೈಯರಿನಲ್ಲಿ ಒಣಗಿಸಿದರೆ ಇಷ್ಟೂ, ಇದಕ್ಕಿಂತ ಹೆಚ್ಚೂ ಮೀಟರಿನಲ್ಲಿ ಏರುತ್ತದೆ. ಡ್ರೈಯರ್ ಬಳಸುವವರಿಗೆ ಹೆಚ್ಚಿನ ವೇಗ ಲಾಭದಾಯಕವಾಗುವುದು ಈ ಕಾರಣದಿಂದ.

ಆದರೆ ಈ ಲಾಭಕ್ಕೂ ಮಿತಿಯಿದೆ. ನೂಲುಗಳ ನಡುವೆ ನಿಂತ ನೀರು ಸುಲಭವಾಗಿ ಹೊರಬೀಳುತ್ತದೆ. ಹತ್ತಿಯ ನಾರು ತನ್ನೊಳಗೆ ಹೀರಿಕೊಂಡ ನೀರು ಎಷ್ಟು ಸುತ್ತಿದರೂ ಸುಲಭವಾಗಿ ಬಿಡುವುದಿಲ್ಲ. ಹೀಗಾಗಿ 600ರಿಂದ 1000ಕ್ಕೆ ಏರಿದಾಗ ಕಾಣುವಷ್ಟು ಫಲ 1000ದಿಂದ 1400ಕ್ಕೆ ಏರಿದಾಗ ಕಾಣದು.

ಸುಕ್ಕು ಬೀಳುವ ಬಗೆ

ಹತ್ತಿಯ ನಾರು ಸೆಲ್ಯುಲೋಸ್‌ನಿಂದ ಆದದ್ದು. ನೀರು ತಾಗಿದಾಗ ಅದರ ಅಣುಗಳ ನಡುವಿನ ಹೈಡ್ರೋಜನ್ ಬಂಧಗಳು ಸಡಿಲಗೊಳ್ಳುತ್ತವೆ. ಒಣಗುವಾಗ ಬಟ್ಟೆ ಯಾವ ಆಕಾರದಲ್ಲಿದೆಯೋ ಆ ಆಕಾರದಲ್ಲಿಯೇ ಮತ್ತೆ ಬಿಗಿಯುತ್ತವೆ. ನೂರಾರು ಪಟ್ಟು ಬಲದಿಂದ ಗೋಡೆಗೆ ಒತ್ತಿದ ಅಂಗಿಯಲ್ಲಿ ಮಡಿಕೆಗಳು ಆಳವಾಗಿ ಮೂಡುತ್ತವೆ. ಯಂತ್ರ ನಿಂತ ಮೇಲೂ ಬಟ್ಟೆಯನ್ನು ಗಂಟೆಗಟ್ಟಲೆ ಒಳಗೇ ಬಿಟ್ಟರೆ ಆ ಮಡಿಕೆಗಳು ನೆಲೆಯೂರುತ್ತವೆ.

ಇವನ್ನು ಬಿಡಿಸಲು ಶಾಖ, ತೇವ, ಒತ್ತಡ ಮೂರೂ ಬೇಕು. ಪೂರ್ತಿ ಒಣಗಿದ ಹತ್ತಿ ಅಂಗಿಗೆ ನೀರು ಚಿಮುಕಿಸಿ ಇಸ್ತ್ರಿ ಮಾಡುವುದು ಇದಕ್ಕಾಗಿಯೇ. ತುಸು ಹಸಿಯಿರುವಾಗಲೇ ಇಸ್ತ್ರಿ ಮಾಡಿದರೆ ಶ್ರಮ ಕಡಿಮೆ. ಕಡಿಮೆ ವೇಗದಲ್ಲಿ ಹಿಂಡಿದ ಅಂಗಿಯನ್ನು ಕೊಡವಿ ಹ್ಯಾಂಗರಿಗೆ ಹಾಕಿದರೆ ಅದರಲ್ಲಿ ಉಳಿದ ನೀರಿನ ಭಾರವೇ ಬಟ್ಟೆಯನ್ನು ಕೆಳಕ್ಕೆ ಎಳೆದು ನೇರಗೊಳಿಸುತ್ತದೆ.

ಪಾಲಿಯೆಸ್ಟರ್ ಮಿಶ್ರಿತ ಬಟ್ಟೆಯ ಸ್ವಭಾವ ಬೇರೆ. ಅದು ನೀರನ್ನು ಅಷ್ಟಾಗಿ ಹೀರುವುದಿಲ್ಲ, ಕಡಿಮೆ ವೇಗದಲ್ಲಿಯೂ ಬೇಗ ಒಣಗುತ್ತದೆ. ಆದರೆ ಬಿಸಿನೀರಿನಲ್ಲಿ ಒಗೆದು, ಆರುವ ಮುನ್ನವೇ ರಭಸದಿಂದ ಹಿಂಡಿದರೆ ಬಿದ್ದ ಸುಕ್ಕು ಸುಲಭವಾಗಿ ಹೋಗದು.

ಊರಿಗೊಂದು ವೇಗ

ಏಪ್ರಿಲ್ ತಿಂಗಳ ಕಲಬುರ್ಗಿಯಲ್ಲಿ 40 ಡಿಗ್ರಿ ಬಿಸಿಲಿಗೆ ಅಂಗಿ ನೋಡನೋಡುತ್ತಲೇ ಒಣಗುತ್ತದೆ. ಅಲ್ಲಿ ವೇಗ ಹೆಚ್ಚಿಸಿ ಸುಕ್ಕು ತಂದುಕೊಳ್ಳುವ ಅಗತ್ಯವಿಲ್ಲ. ಜುಲೈ ತಿಂಗಳ ಮಂಗಳೂರಿನ ಮಾತೇ ಬೇರೆ. ಗಾಳಿಯೇ ತೇವದಿಂದ ತುಂಬಿರುವಾಗ ಬಟ್ಟೆಯ ನೀರು ಆವಿಯಾಗುವುದು ನಿಧಾನ. ಯಂತ್ರ ತೆಗೆದುಹಾಕುವ ಪ್ರತಿ ಲೋಟ ನೀರಿಗೂ ಅಲ್ಲಿ ಬೆಲೆಯಿದೆ.

ಬಟ್ಟೆ ಹೆಚ್ಚು ಹೊತ್ತು ಹಸಿಯಾಗಿದ್ದರೆ ಮುಗ್ಗಲು ವಾಸನೆಯೂ ಅಂಟುತ್ತದೆ. ಒಗೆದ ಬಟ್ಟೆಯ ಈ ವಾಸನೆಗೆ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ವರದಿ ಮಾಡಿದ್ದರು. ಮಳೆನಾಡಿನವರು ಸುಕ್ಕನ್ನು ಸಹಿಸಿಯಾದರೂ ವೇಗ ಹೆಚ್ಚಿಸುವುದು ಒಳಿತು.

ಯಾವ ಬಟ್ಟೆಗೆ ಎಷ್ಟು?

* ಟವೆಲ್, ಬೆಡ್‌ಶೀಟ್, ಜೀನ್ಸ್, ಒಳಉಡುಪು: 1000ದಿಂದ 1400.
* ಹತ್ತಿಯ ಅಂಗಿ, ಚೂಡಿದಾರ್: 800ರ ಆಸುಪಾಸು.
* ಪಾಲಿಯೆಸ್ಟರ್ ಮಿಶ್ರಿತ ಬಟ್ಟೆ, ಸಮವಸ್ತ್ರ: 600ರಿಂದ 800.
* ಯಂತ್ರದಲ್ಲಿ ಒಗೆಯಬಹುದೆಂದು ಲೇಬಲ್‌ನಲ್ಲಿ ಸೂಚಿಸಿರುವ ಉಣ್ಣೆ, ರೇಷ್ಮೆ: 400 ಅಥವಾ ಅದಕ್ಕಿಂತ ಕಡಿಮೆ. ಜರಿ ಸೀರೆಗಳನ್ನು ಯಂತ್ರಕ್ಕೆ ಹಾಕದಿರುವುದೇ ಕ್ಷೇಮ.
* ರೇನ್‌ಕೋಟ್: ಯಂತ್ರದಲ್ಲಿ ಹಿಂಡಲೇಬಾರದು. ನೀರು ಹೊರಹೋಗದೆ ಒಳಗೇ ನಿಂತು ಡ್ರಮ್ ಸಮತೋಲ ತಪ್ಪುವ ಅಪಾಯವಿದೆ.

ಯಂತ್ರದ ಮೇಲೆ 1400 ಎಂದಿದ್ದರೂ ಪ್ರತಿ ಬಾರಿ ಆ ವೇಗ ಸಿಗುವುದೆಂಬ ಖಾತರಿಯಿಲ್ಲ. ಒಂದೇ ದಪ್ಪ ಹೊದಿಕೆ ಹಾಕಿದಾಗ ಭಾರ ಒಂದೆಡೆ ಸೇರುತ್ತದೆ. ಅದನ್ನು ಗ್ರಹಿಸಿದ ಯಂತ್ರ ತಾನಾಗಿ ವೇಗ ತಗ್ಗಿಸುತ್ತದೆ. ಸೋಪಿನ ಪುಡಿ ಅತಿಯಾಗಿ ನೊರೆಯೆದ್ದರೂ ಹಿಂಡುವಿಕೆಗೆ ತೊಡಕು. ಹೊದಿಕೆಯ ಜತೆಗೆ ಎರಡು ಮೂರು ಟವೆಲ್ ಹಾಕುವುದು, ಪುಡಿಯನ್ನು ಅಳೆದು ಬಳಸುವುದು ಖರ್ಚಿಲ್ಲದ ಉಪಾಯಗಳು.

ಕೊಳ್ಳುವವರು ಗರಿಷ್ಠ ವೇಗದ ಜತೆಗೆ, ಅದನ್ನು ಬಟ್ಟೆಗೆ ತಕ್ಕಂತೆ ತಗ್ಗಿಸುವ ಗುಂಡಿ ಇದೆಯೇ ಎಂಬುದನ್ನೂ ವಿಚಾರಿಸಬೇಕು. 1400ರ ಯಂತ್ರವನ್ನು 600ಕ್ಕೆ ಇಳಿಸಬಹುದು. 700ರ ಯಂತ್ರವನ್ನು ಅದರಾಚೆಗೆ ಏರಿಸಲಾಗದು. ಈಗಾಗಲೇ ಯಂತ್ರ ಇರುವವರು ಇಸ್ತ್ರಿಯ ಬಟ್ಟೆಗಳನ್ನೂ ಇಸ್ತ್ರಿ ಬೇಡದ ಬಟ್ಟೆಗಳನ್ನೂ ಬೇರೆ ಬೇರೆಯಾಗಿ ಹಾಕಿ, ಸ್ಪಿನ್ ಗುಂಡಿಯನ್ನು ಅದಕ್ಕೆ ತಕ್ಕಂತೆ ತಿರುಗಿಸಿದರೆ ಸಾಕು.