ಅಕ್ಕನ ಮಾತಿಗೆ ಧಾಟಿ ಯಾರದು?

ಶಿಕಾರಿಪುರದ ಸೀಮೆಯಲ್ಲಿ, ಬಳ್ಳಿಗಾವೆಗೆ ಸಮೀಪದಲ್ಲಿ, ಉಡುತಡಿಯೆಂಬ ಊರಿರುವುದನ್ನು ಬಲ್ಲವರು ಬಲ್ಲರು. ಹನ್ನೆರಡನೆಯ ಶತಮಾನದ ಮಹಾದೇವಿಯಕ್ಕ ಹುಟ್ಟಿದ ಸ್ಥಳವಿದು. ಹರಿಹರನ ರಗಳೆಯೂ ಆಕೆಯನ್ನು ಉಡುತಡಿಯವಳೆಂದೇ ಹೇಳುತ್ತದೆ. ಕೆಲವು ವರ್ಷಗಳ ಹಿಂದೆ ಆ ಕಡೆಯ ಮನೆಯೊಂದರ ಜಗಲಿಯಲ್ಲಿ ಕುಳಿತಿದ್ದಾಗ, ಆ ಮನೆಯ ಅಜ್ಜಿ ನನ್ನ ಬಲವಂತಕ್ಕೆ ಅಕ್ಕನ ಕನಸಿನ ವಚನವನ್ನು ಹಾಡಿದರು. ಅಕ್ಕಿ, ಅಡಕೆ, ತೆಂಗಿನಕಾಯಿಗಳನ್ನು ಕಂಡು, ಜಡೆಯ ಗೊರವನೊಬ್ಬನು ಭಿಕ್ಷೆಗೆ ಬಂದುದನ್ನೂ ಕಂಡೆನೆಂದು ಗೆಳತಿಗೆ ಹೇಳಿಕೊಳ್ಳುವ ವಚನವದು. ಅಜ್ಜಿಯ ಧಾಟಿ ಬೀಸುವ ಕಲ್ಲಿನ ಧಾಟಿ. ಎರಡು ಮೂರು ಸ್ವರಗಳಲ್ಲೇ ಸುತ್ತುತ್ತಿತ್ತು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಮೊಮ್ಮಗನು, “ಅಜ್ಜೀ, ಅದರ ಧಾಟಿ ಅದಲ್ಲ. ಮನ್ಸೂರರ ರೆಕಾರ್ಡಿನಲ್ಲಿ ಬೇರೆ ಇದೆ” ಎಂದನು. ಅಜ್ಜಿ ನಕ್ಕು ಸುಮ್ಮನಾದರು.

ಹುಡುಗನು ಹೇಳಿದ್ದು ಸರಿಯೇ? ಈ ವಚನಕ್ಕೆ ಅದರದೇ ಆದ ಧಾಟಿಯೊಂದು ಇದ್ದಿತೆ?

ವಚನವು ಹಾಡಿನಂತೆ ಪಲ್ಲವಿ, ಚರಣಗಳೆಂದು ಕಟ್ಟಿದ ರಚನೆಯಲ್ಲ, ಲಯವುಳ್ಳ ಗದ್ಯ. ಆದರೂ ಶರಣರು ಅದನ್ನು ಹಾಡುತ್ತಿದ್ದರೆಂದು ನಂಬಲು ಆಧಾರವಿದೆ. ತನಗೆ ತಾಳದ ಲೆಕ್ಕವಾಗಲಿ ವಾದ್ಯದ ಎಣಿಕೆಯಾಗಲಿ ತಿಳಿಯದು, ತಾನು ಒಲಿದಂತೆ ಹಾಡುವೆನೆಂಬ ಅರ್ಥದ ಮಾತನ್ನು ಬಸವಣ್ಣನವರೇ ಆಡಿದ್ದಾರೆ. ಒಲಿದಂತೆ ಹಾಡಿದುದು ಒಂದೇ ಬಗೆಯಾಗಿ ನಿಲ್ಲುವುದೆಂತು? ಓಲೆಗರಿಗಳು ನಮಗೆ ಮಾತನ್ನು ಉಳಿಸಿಕೊಟ್ಟವು, ಸ್ವರವನ್ನು ಉಳಿಸಿಕೊಡಲಿಲ್ಲ. ಪಲ್ಲವಿಯುಳ್ಳ ಸ್ವರವಚನಗಳ ವಿಷಯ ಬೇರೆ. ಅಲ್ಲಿ ರಾಗ ತಾಳಗಳ ಹೆಸರು ಕಾಣುವುದುಂಟು. ಆದರೆ ರಾಗದ ಹೆಸರು ಧಾಟಿಯಲ್ಲ. ಊರಿನ ಹೆಸರು ಹೇಳಿದ ಮಾತ್ರಕ್ಕೆ ಮನೆಯ ದಾರಿ ತಿಳಿಯದಷ್ಟೆ! ಅಕ್ಕನದೆನ್ನುವ ‘ಯೋಗಾಂಗತ್ರಿವಿಧಿ’ ತ್ರಿಪದಿಯಲ್ಲಿದೆ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಮೊನ್ನೆಯ ಬೀಸುವ ಕಲ್ಲಿನವರೆಗೆ ನಡೆದು ಬಂದ ಮಟ್ಟು ಅದು. ಅಜ್ಜಿಯ ಕಂಠದಲ್ಲಿದ್ದದ್ದು ಆ ತ್ರಿಪದಿಯ ನಡೆ. ವಚನದ ಸಾಲುಗಳನ್ನು ಅವರು ಅದರೊಳಗೆ ಎಳೆದು ಕೂಡಿಸಿದ್ದರು.

ಗದ್ಯವನ್ನು ಕಛೇರಿಯಲ್ಲಿ ಹಾಡಬೇಕಾದರೆ ಗಾಯಕನು ಕೆಲವು ಉಪಾಯಗಳನ್ನು ಹೂಡಲೇಬೇಕು. ಮೊದಲ ಸಾಲನ್ನು ಪಲ್ಲವಿಯಾಗಿ ಮಾಡಿಕೊಂಡು ಮತ್ತೆ ಮತ್ತೆ ಅದಕ್ಕೆ ಹಿಂದಿರುಗುತ್ತಾನೆ. ಉದ್ದದ ಸಾಲನ್ನು ತಾಳದ ಆವರ್ತಕ್ಕೆ ತಕ್ಕಂತೆ ಮುರಿಯುತ್ತಾನೆ. ಕೊನೆಗೆ ಬರುವ ಚೆನ್ನಮಲ್ಲಿಕಾರ್ಜುನನ ಅಂಕಿತವನ್ನು ನಿಲುಗಡೆಯಾಗಿಸುತ್ತಾನೆ. ಅಂದಮೇಲೆ ವಚನದ ಧಾಟಿಯೆಂಬುದು ಬಹುಮಟ್ಟಿಗೆ ಗಾಯಕನ ಕೃತಿ.

ಇದಕ್ಕೆ ಸ್ಥಿರತೆಯನ್ನು ತಂದದ್ದು ಗ್ರಾಮೊಫೋನು. ನಮ್ಮ ದೇಶದಲ್ಲಿ ಆ ಯಂತ್ರದ ಮುಂದೆ ಮೊದಮೊದಲು ಹಾಡಿದವರಲ್ಲಿ ಪ್ರಸಿದ್ಧಳು ಗೋಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಆಕೆ ಕೊನೆಗೆ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಅಂದಿನ ಅರಗಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಹರಿಯುವುದನ್ನು ಈ ಚಿಪ್ಪಿನಲ್ಲಿ ತುಂಬಬೇಕಾಯಿತು.

ಇದು ನಮಗೆ ಮಾತ್ರ ಒದಗಿದ ಗತಿಯಲ್ಲ. ಅಮೆರಿಕದ ಹಳ್ಳಿಗಳಲ್ಲಿ ಕುಣಿತಕ್ಕೆ ಪಿಟೀಲು ಬಾರಿಸುವ ಹಳೆಯ ಸಂಪ್ರದಾಯವಿದೆ. ಆ ಮಟ್ಟುಗಳಲ್ಲೊಂದಾದ ‘ಸ್ಯಾಲಿ ಗುಡನ್’ ಎಂಬುದನ್ನು ಟೆಕ್ಸಾಸಿನ ಎಕ್ ರಾಬರ್ಟ್‌ಸನ್ ಎಂಬಾತನು 1922ನೆಯ ಜುಲೈ 1ರಂದು ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪೆನಿಗಾಗಿ ಒಬ್ಬನೇ ನುಡಿಸಿದನು. ಒಂದೇ ಮಟ್ಟನ್ನು ಮತ್ತೆ ಮತ್ತೆ ಹೊಸ ಬಗೆಯಾಗಿ ತಿರುಗಿಸಿದ ವಾದನವದು. ಕರ್ತನಾರೆಂದು ತಿಳಿಯದ, ಊರಿಗೊಂದು ರೂಪವಿದ್ದ ಆ ಮಟ್ಟನ್ನು ಮುಂದಿನವರು ಆತನ ತಟ್ಟೆಯಿಂದ ಅಳೆಯತೊಡಗಿದರು. ಆ ಮರುವರ್ಷವೇ, 1923ರಲ್ಲಿ, ಇತ್ತ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಅಚ್ಚಾಯಿತು. ಓಲೆಗರಿಯ ಮಾತು ಮುದ್ರಣಕ್ಕೆ ಬಂದು ನಿಂತ ಕಾಲವೂ, ಕಂಠದ ಸ್ವರವು ತಟ್ಟೆಗೆ ಬಂದು ನಿಂತ ಕಾಲವೂ ಹೆಚ್ಚುಕಡಮೆ ಒಂದೇ.

ಮಲ್ಲಿಕಾರ್ಜುನ ಮನ್ಸೂರರು (1910–1992) ಧಾರವಾಡದ ಬಳಿಯ ಮನ್ಸೂರಿನವರು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ಣಾಟಕ ಪದ್ಧತಿ, ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ, ಆಮೇಲೆ ಮಂಜೀಖಾನರಲ್ಲಿ ಜೈಪುರದ ಗಾಯಕಿ; ಇಷ್ಟನ್ನು ಅರಗಿಸಿಕೊಂಡ ಕಂಠವು ವಚನಕ್ಕೆ ಬಂದಾಗ ಸಂಗತಿಗಳ ಆಡಂಬರವನ್ನು ಬದಿಗಿಟ್ಟು ಮಾತಿಗೆ ತಲೆಬಾಗಿತು. ಕನ್ನಡಿಗರು ಇಂದು ಕನಸಿನ ವಚನವನ್ನು ನೆನೆದೊಡನೆ ಕಿವಿಯಲ್ಲಿ ಮೊಳಗುವುದು ಅವರ ಧ್ವನಿಯೇ. ಬಸವರಾಜ ರಾಜಗುರುಗಳೂ ವಚನಗಳನ್ನು ಹಾಡಿದರು. ಅವರ ನಡೆ ಬೇರೆ. 1950ರಲ್ಲಿ ಧಾರವಾಡದ ಬಾನುಲಿ ನಿಲಯವು ಪ್ರಾರಂಭವಾದ ಮೇಲೆ ಇಂತಹ ಹಾಡುಗಾರಿಕೆ, ತಟ್ಟೆ ಕೊಳ್ಳಲಾರದ ಮನೆಗಳಿಗೂ ಹೋಯಿತು.

ಮನ್ಸೂರರ ಹಾಡಿಕೆಯನ್ನು ನಾನು ತಲೆಯ ಮೇಲಿಟ್ಟುಕೊಳ್ಳುವವನು. ಆದರೆ ಅವರು ಆ ವಚನವನ್ನು ಹಾಡಿದಾಗಲೆಲ್ಲ ತಟ್ಟೆಯಲ್ಲಿರುವಂತೆಯೇ ಹಾಡಿರಬೇಕೆಂದು ಭಾವಿಸುವುದು ಖಯಾಲಿನ ಸ್ವಭಾವವನ್ನು ಅರಿಯದವರ ಮಾತು. ತಟ್ಟೆಯು ಹಿಡಿದುದು ಒಂದು ದಿನದ ಮನ್ಸೂರರನ್ನು. ಹುಡುಗನು ಅದನ್ನೇ ಎಂಟುನೂರು ವರ್ಷದ ಹಿಂದಿನ ಅಕ್ಕನ ಸ್ವರವೆಂದು ತಿಳಿದನು.

ಅಜ್ಜಿಗೆ ಆ ಧಾಟಿ ಅವರ ತಾಯಿಯಿಂದ ಬಂದದ್ದಂತೆ, ತಾಯಿಗೆ ಯಾರಿಂದಲೋ. ನನ್ನ ಜೇಬಿನಲ್ಲಿ ಫೋನಿತ್ತು, ಆದರೂ ಹಾಡನ್ನು ಹಿಡಿದಿಡಬೇಕೆಂಬುದು ಅಂದು ತೋಚಲಿಲ್ಲ. ಮುಂದಿನ ಬೇಸಗೆಯಲ್ಲಿ ಅದಕ್ಕೆಂದೇ ಮತ್ತೆ ಹೋಗಿ ಕೇಳಿಕೊಂಡೆ. ಅಜ್ಜಿ ಒಪ್ಪಲಿಲ್ಲ. “ನನಗೆ ಸರಿಯಾಗಿ ಬರೋದಿಲ್ಲ ಸ್ವಾಮಿ, ಅವನೇ ಹಾಡಲಿ” ಎಂದು ಮೊಮ್ಮಗನ ಕಡೆಗೆ ಕೈ ತೋರಿಸಿದರು.